ಹರಿಗೋಲಕೊಪ್ಪದ ಒಂಬತ್ತು ಚೌಕಗಳು

ಮುತ್ತಲಕೇರಿ, ಶಿರಸಿ ತಾಲೂಕು
12 ಜೂನ್ 2024

ಭೂಗೋಳದ ಗುರುಗಳಾದ ಚಂದ್ರಶೇಖರಪ್ಪನವರಿಗೆ ನಿಮ್ಮ ಹಳೆಯ ವಿದ್ಯಾರ್ಥಿನಿ ದಾಕ್ಷಾಯಿಣಿಯ ನಮಸ್ಕಾರ.

ಫೋನಿನಲ್ಲಿ ನಿಮಗೀಗ ಏನೂ ಕೇಳಿಸುವುದಿಲ್ಲವೆಂದು ಅಮ್ಮನವರು ಹೇಳಿದರು. ಅದಕ್ಕೇ ಕಾಗದ. ಬರೆದು ಎಷ್ಟು ವರ್ಷವಾಯಿತೋ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿ.

ನಾನೀಗ ನಿಮ್ಮೂರಿನ ಶಾಲೆಯಲ್ಲೇ ಮಾಸ್ತರಳು. ಶಾಲೆ ಶುರುವಾಗುವ ಮೊದಲು ಬೋರ್ಡ್ ಶಾಲೆಯ ಕಾಲದ ಬೀರು ಖಾಲಿ ಮಾಡಿಸಿದೆವು. ಗೆದ್ದಲು ತಿಂದುಳಿದದ್ದರಲ್ಲಿ ಬಟ್ಟೆಗೆ ಅಂಟಿಸಿದ ಒಂದು ನಕ್ಷೆ ಸಿಕ್ಕಿತು. ಇಂಚಿಗೊಂದು ಮೈಲಿ, 1924–25ರ ಸರ್ವೆ. ಬನವಾಸಿಯಿಂದ ಇತ್ತ ವರದಾ ಹೊಳೆ ಪೂರ್ತಿ ಇದೆ. ನಮ್ಮೂರಿನೆದುರು, ಆಚೆ ದಂಡೆಯಲ್ಲಿ, ಹರಿಗೋಲಕೊಪ್ಪ ಎಂದು ಬರೆದು ಒಂಬತ್ತು ಕಪ್ಪು ಚೌಕ ಹಾಕಿದ್ದಾರೆ. ಹೊಳೆಗೆ ಅಡ್ಡವಾಗಿ ಚುಕ್ಕೆ ಗೆರೆ, ಪಕ್ಕದಲ್ಲಿ ಹರಿಗೋಲು ದಾಟಿಸುವ ಜಾಗದ ಗುರುತು.

ಸರ್, ಈಗ ಅಲ್ಲಿ ಬರೀ ಸಾಗವಾನಿ ತೋಪು. ಆ ಒಂಬತ್ತು ಮನೆಯವರು ನಮ್ಮೂರ ಹೊರಗೆ ರಸ್ತೆ ಪಕ್ಕದ ತಗಡಿನ ಶೆಡ್ಡುಗಳಲ್ಲಿದ್ದಾರೆ, 1983ರಲ್ಲಿ ಅರಣ್ಯ ಇಲಾಖೆ ಎಬ್ಬಿಸಿದಾಗಿನಿಂದ. ಇವರಲ್ಲಿ ಹಿರಿಯ ಬೈರ, ಹರಿಗೋಲು ನಡೆಸುತ್ತಿದ್ದವನು. ಅರಣ್ಯ ಹಕ್ಕಿನ ಅರ್ಜಿ ಎರಡು ಸಲ ತಿರಸ್ಕಾರವಾಗಿದೆ: 'ಮೂರು ತಲೆಮಾರು ಬಿಡದೆ ಅಲ್ಲಿದ್ದಿರಿ ಎಂಬುದಕ್ಕೆ ದಾಖಲೆ ಏನು?' ಎಂದು. ಈ ಸಲ ತಿರಸ್ಕಾರವಾದರೆ ಮುಗಿಯಿತು. ರಸ್ತೆ ಅಗಲ ಮಾಡಲು ಶೆಡ್ಡುಗಳಿಗೂ ನೋಟಿಸು ಬಂದಿದೆ.

ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ನಕ್ಷೆಯ ಫೋಟೊ ಇಟ್ಟಿದ್ದೇನೆ. ಇದನ್ನು ಅರಣ್ಯ ಹಕ್ಕು ಸಮಿತಿಯ ಮುಂದೆ ಹೇಗೆ ಓದಿ ಹೇಳಬೇಕು? ನೀವು ಅದೇ ಹೊಳೆ ದಾಟಿ ಆಚೆಯ ದೊಡ್ಡ ಶಾಲೆಗೆ ಹೋದವರಂತೆ. ಆ ಮನೆಗಳ ನೆನಪಿದೆಯಾ?

ದಾಕ್ಷಾಯಿಣಿ


ಮೈಸೂರು
24 ಜೂನ್ 2024

ಚಿರಂಜೀವಿ ದಾಕ್ಷಾಯಿಣಿಗೆ,

ನಾನು ಕ್ಷೇಮ, ಮಂಡಿಯೊಂದನ್ನು ಬಿಟ್ಟು. ನಿಮ್ಮ ಶಿರಸಿಯ ಮಂಡಿಯಲ್ಲಿ ಅಡಿಕೆಗೆ ಏರಿಳಿತ ಎರಡೂ ಉಂಟು. ನನ್ನ ಮಂಡಿಗೆ ಏರುವುದು ಆಗದು, ಇಳಿಯುವುದು ಇನ್ನೂ ಆಗದು. ಕಿವಿ ಕೈಕೊಟ್ಟಿದೆ. ಹಣೆಯ ಮೇಲೆ ಸಮೋನ್ನತಿ ರೇಖೆಗಳು ಒತ್ತೊತ್ತಾಗಿ ಬಂದಿವೆ, ಕಡಿದಾದ ಗುಡ್ಡ ಎಂದು ತಿಳಿದುಕೋ. ನಿವೃತ್ತನಾದ ಮೇಲೆ ವೃತ್ತವೊಂದೇ ಉಳಿದಿರುವುದು, ಅದೂ ಹೊಟ್ಟೆಯ ಸುತ್ತ.

ಕಾಗದದಲ್ಲಿ ತಪ್ಪು ಒಂದೇ: 'ಮಾಸ್ತರಳು' ಎಂಬ ಪದವಿಲ್ಲ. ಆದರೆ ಇರಬೇಕಿತ್ತು. ಹತ್ತಕ್ಕೆ ಒಂಬತ್ತೂವರೆ.

ಇನ್ನು ನಕ್ಷೆ. ತುಂಬಿದ ಕಪ್ಪು ಚೌಕ ಎಂದರೆ ಜನ ವಾಸವಿರುವ ಮನೆ. ಒಂದು ಚೌಕಕ್ಕೆ ಒಂದೇ ಮನೆ ಎಂದು ದೊಡ್ಡ ಊರಿನಲ್ಲಿ ಹೇಳಲಾಗದು, ಆದರೆ ಇಂಥ ಸಣ್ಣ ಕೊಪ್ಪದಲ್ಲಿ ಹೇಳಬಹುದು. ದಾಟುವ ಜಾಗದ ಗುರುತು ಇದೆ ಎಂದರೆ ಅಲ್ಲಿ ಮಳೆಗಾಲದಲ್ಲೂ ದಾಟಿಸುವವರು ಇದ್ದರು ಎಂದರ್ಥ. ದಾಟಿಸುವವರು ಇದ್ದರೆಂದರೆ ಮನೆ ಕಟ್ಟಿಕೊಂಡೇ ಇದ್ದರು. ನಕ್ಷೆಯ ಮೂಲೆಯಲ್ಲಿ ಸರ್ವೆಯ ವರ್ಷ, ಹಾಳೆಯ ಸಂಖ್ಯೆ ಎರಡೂ ಕಾಣುವ ಹಾಗೆ ನಕಲು ತೆಗೆಸು. ಅಧಿಕಾರಿಗಳಿಗೆ ಹೊಳೆಯಬೇಕಾದರೆ ಮೊದಲು ಹೊಳೆ ತೋರಿಸು, ಆಮೇಲೆ ಮನೆ.

ಒಂದು ಬುದ್ಧಿಮಾತು. ಈ ಒಂದು ನಕ್ಷೆ ಸಾಕು. ಬೇರೆ ನಕ್ಷೆ ಹುಡುಕುವ ಉಸಾಬರಿ ಬೇಡ. ಎರಡು ಗಡಿಯಾರ ಇಟ್ಟುಕೊಂಡವನಿಗೆ ಟೈಮು ಎಷ್ಟು ಅಂತ ಗೊತ್ತಾಗುವುದಿಲ್ಲ.

ನನ್ನ ನೆನಪು ಕೇಳಿದ್ದೀಯ. ಹೊಳೆ ದಾಟಿದ್ದು ಹೌದು. ಎಲ್ಲ ಹುಡುಗರೂ ದಾಟುತ್ತಿದ್ದರು. ಐವತ್ತು ವರ್ಷದ ಹಿಂದಿನ ಮಾತು, ಹೆಚ್ಚೇನೂ ನೆನಪಿಲ್ಲ.

ಚಂದ್ರಶೇಖರಪ್ಪ


ಮುತ್ತಲಕೇರಿ
20 ಜುಲೈ 2024

ಪ್ರೀತಿಯ ಗುರುಗಳಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿದೆ. ಮಂಡಿಯ ಸಾಲಿಗೆ ಹೆಡ್‌ಮಾಸ್ತರರು ಚಹಾ ಚೆಲ್ಲಿಕೊಂಡರು.

ನಕ್ಷೆ ಸೇರಿಸಿ ಅರ್ಜಿ ಕೊಟ್ಟಾಯಿತು. ಅದಕ್ಕೆ ಮೊದಲು ಬೈರನ ಶೆಡ್ಡಿನ ಮುಂದೆ ಎಲ್ಲರನ್ನೂ ಕೂಡಿಸಿ ನಕ್ಷೆ ಹಾಸಿ ತೋರಿಸಿದೆ. ಬೈರ ಓದಿದವನಲ್ಲ, ಹೊಳೆಯ ತಿರುವು ನೋಡಿಯೇ ಗುರುತು ಹಿಡಿದ. ಬೆರಳಿಟ್ಟು, "ಇದು ಗುಂಡಿ. ಇಲ್ಲಿ ಸುಳಿ ಇರೂದ್ರಿ. ಇದನ್ನೂ ಬರದಾರನ? ಶಾಣ್ಯಾ ಅದಾನ ಬರದಾಂವ" ಎಂದ. ನಿಮ್ಮ ಹೆಸರು ಹೇಳಿದೆ.

"ಯಾರು, ಶೆಟ್ರ ಮನಿ ಚಂದ್ರು? ಐದು ವರ್ಷ ನನ್ನ ಅಪ್ಪನ ಹರಿಗೋಲದಾಗ ಸಾಲಿಗಿ ಹೋಗ್ಯಾನ್ರಿ ಅಂವಾ. ನಮ್ಮವ್ವನ ಕೈಯಾಗಿನ ರೊಟ್ಟಿ ತಿಂತಿದ್ದ. 'ನಮ್ಮನ್ಯಾಗ ಹೇಳಬ್ಯಾಡವ್ವಾ' ಅಂತ ಹೇಳಿ ಬಾಯಿ ಒರಸ್ಕೊಂಡು ಹೋಗಾಂವ. ಅಂವಗ ಬರಾಕ ಹೇಳ್ರಿ ಅಕ್ಕಾರ. ಅಂವಾ ಬಂದು ಹೇಳಿದರ ಸಾಹೇಬರು ಕೇಳ್ತಾರ. ಇಂಗ್ಲೀಷ್ ಕಲತಾಂವ."

ಹರಿಗೋಲಿಗೆ ಶಾಲೆ ಮಕ್ಕಳಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಸುಗ್ಗಿಯಲ್ಲಿ ಮನೆಮನೆಯಿಂದ ಒಂದು ಮೊರ ಭತ್ತ ಕೊಟ್ಟರೆ ವರ್ಷವಿಡೀ ದಾಟಿಸುತ್ತಿದ್ದರಂತೆ. ಇದನ್ನು ನೀವೇಕೆ ಬರೆಯಲಿಲ್ಲ? ನಿಮ್ಮದು ಯಾವಾಗಲೂ ಹಾಗೇ. ನಮ್ಮ ತರಗತಿಯಲ್ಲೂ ನಿಮ್ಮ ಬಗ್ಗೆ ನೀವು ಏನೂ ಹೇಳುತ್ತಿರಲಿಲ್ಲ. ವಿಚಾರಣೆಗೆ ಸಾಕ್ಷಿಯಾಗಿ ಬರುತ್ತೀರಾ? ಬಸ್ಸಿಳಿದ ಕಡೆಯಿಂದ ನಾನೇ ಕರೆದೊಯ್ಯುತ್ತೇನೆ.

ದಾಕ್ಷಾಯಿಣಿ


ಮೈಸೂರು
2 ಆಗಸ್ಟ್ 2024

ದಾಕ್ಷಾಯಿಣಿ,

ದಾಕ್ಷಿ ಕೇಳಿದ ಮೇಲೆ ಸಾಕ್ಷಿ ಇಲ್ಲ ಎನ್ನಲು ಮನಸ್ಸಿಲ್ಲ. ಆದರೆ ಡಾಕ್ಟರು ದೂರದ ಪ್ರಯಾಣ ಬೇಡ ಎಂದಿದ್ದಾರೆ. ನಕ್ಷೆಯೇ ನನಗಿಂತ ಒಳ್ಳೆಯ ಸಾಕ್ಷಿ. ಅದಕ್ಕೆ ಮಂಡಿನೋವಿಲ್ಲ, ಅದು ಮರೆಯುವುದೂ ಇಲ್ಲ.

ಬೈರನಿಗೆ ನಾನು ಕೇಳಿದೆನೆಂದು ಹೇಳು. ಅವರವ್ವ ಇದ್ದಾಳಾ?

ಚಂದ್ರಶೇಖರಪ್ಪ


ಮುತ್ತಲಕೇರಿ
19 ಸೆಪ್ಟೆಂಬರ್ 2024

ಗುರುಗಳೇ,

ಬೈರನ ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಯಿತಂತೆ. ಶೆಡ್ಡಿನಲ್ಲೇ.

ಮೊನ್ನೆ ಶಿರಸಿಯಲ್ಲಿ ಮೊದಲ ವಿಚಾರಣೆ ನಡೆಯಿತು. ನಾನು ನೀವು ಹೇಳಿಕೊಟ್ಟ ಹಾಗೆಯೇ ಮೊದಲು ಹೊಳೆ ತೋರಿಸಿದೆ, ಆಮೇಲೆ ಮನೆ. ಅಧ್ಯಕ್ಷರಾದ ಅಧಿಕಾರಿ ತಲೆದೂಗಿದರು. ನಾನು ಒಳಗೊಳಗೇ ಹಿಗ್ಗಿದೆ. ಆಗ ಸಮಿತಿಯ ಇನ್ನೊಬ್ಬ ಸದಸ್ಯರು, ಮನೋಹರ ಎಂದು ಹೆಸರು, ತಮ್ಮ ಫೈಲಿನಿಂದ ಬೇರೊಂದು ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದರು.

"ನಿಮ್ಮದು ನೂರು ವರ್ಷದ ಹಿಂದಿನದಾತು ಮೇಡಂ. ಇದು 1974ರಲ್ಲಿ ಸರ್ವೆ ಆದದ್ದು, ಎಪ್ಪತ್ತೇಳರಲ್ಲಿ ಅಚ್ಚಾದದ್ದು. ಇಲ್ಲಿ ನೋಡಿ. ಇದು ಎಂತ?"

ಅದೇ ತಿರುವು, ಅದೇ ಹರಿಗೋಲಕೊಪ್ಪ. ಚೌಕಗಳು ಮಾತ್ರ ಟೊಳ್ಳು. ಒಳಗೆ ಕಪ್ಪಿಲ್ಲ.

ಸರ್, ಅದು ನಮ್ಮ ಕಾಲೇಜಿನ ಪ್ರಾಕ್ಟಿಕಲ್ಸ್‌ನಲ್ಲಿದ್ದ ಹಾಳೆ. ಪರೀಕ್ಷೆಯಲ್ಲಿ ನೀವು ಪೆನ್ಸಿಲಿನ ತುದಿ ಅದೇ ಚೌಕಗಳ ಮೇಲಿಟ್ಟು "ಇದೇನಮ್ಮ?" ಎಂದು ಕೇಳಿದ್ದಿರಿ. ನಾನು "ಹಾಳೂರು ಸರ್, ಜನವಸತಿ ಇಲ್ಲ" ಎಂದಿದ್ದೆ. ಹತ್ತಕ್ಕೆ ಹತ್ತು ಕೊಟ್ಟಿದ್ದಿರಿ. ಮೊನ್ನೆಯೂ ಬಾಯಿಗೆ ಅದೇ ಉತ್ತರ ಬಂತು. ಬೈರನ ಎದುರು ನಾನೇ ಹೇಳಿದೆ: ಹಾಳೂರು.

ಮನೋಹರ ಅವರು ದುಷ್ಟರೇನಲ್ಲ. ಅವರ ವಾದ ಸರಳ. 1925ರಲ್ಲಿ ಜನ ಇದ್ದರು. 1974ಕ್ಕೆ ಮೊದಲೇ ಬಿಟ್ಟು ಹೋದರು. ಈ ಬೈರ ಮತ್ತವನ ಕಡೆಯವರು ಆಮೇಲೆ ಬಂದು ಹೊಕ್ಕವರು. ಅಂದಮೇಲೆ 83ರಲ್ಲಿ ಎಬ್ಬಿಸಿದ್ದು ಸರಿ. ಬೈರ ಎದ್ದು ನಿಂತು, "ಎಲ್ಲಿ ಹೋಗಿದ್ನಿರೀ ನಾನು? ನಾನು ಎಲ್ಲಿ ಹೋಗಿದ್ನಿ ಹೇಳ್ರಿ!" ಎಂದು ಕೂಗಿದ. ಅಧ್ಯಕ್ಷರು ಮೂರು ತಿಂಗಳು ಕಾಲಾವಕಾಶ ಕೊಟ್ಟು ಎದ್ದರು.

ಬಸ್ಸಿನಲ್ಲಿ ಬೈರ ಒಂದು ಮಾತು ಹೇಳಿದ. "ಆ ವರ್ಷ ಸರ್ವೇದವರು ಊರಾಗ ಡೇರೆ ಹಾಕಿದ್ರು. ಚಂದ್ರು ಅವರ ಜೋಡಿ ತಿರಗತಿದ್ದ, ಮಾತು ತಿಳಿಸಿ ಹೇಳಾಕ. ಅಂವಗ ಗೊತ್ತಿರತೈತಿ."

ಹಾಗಾದರೆ ನೀವಿದ್ದಿರಿ! ನಿಮ್ಮ ಸಂಕೋಚ ನನಗೆ ಈಗ ಅರ್ಥವಾಯಿತು. ನೀವು ಜನ ಇದ್ದಾರೆ ಎಂದೇ ಹೇಳಿರುತ್ತೀರಿ. ಹೊರಗಿನಿಂದ ಬಂದ ಆ ಸಾಹೇಬರು ಹತ್ತೊಂಬತ್ತರ ಹುಡುಗನ ಮಾತಿಗೆ ಬೆಲೆ ಕೊಟ್ಟಿರಲಿಕ್ಕಿಲ್ಲ. ಅದನ್ನಷ್ಟು ಬರೆದು ಸಹಿ ಹಾಕಿ ಕಳಿಸಿ ಸರ್. ನಿಮ್ಮದೊಂದು ಸಾಲು ಸಾಕು.

ದಾಕ್ಷಾಯಿಣಿ


ಮೈಸೂರು
3 ಅಕ್ಟೋಬರ್ 2024

ಸಂಬಂಧಪಟ್ಟವರಿಗೆ,

1974ರ ಏಪ್ರಿಲ್ ತಿಂಗಳಲ್ಲಿ ಮುತ್ತಲಕೇರಿಯಲ್ಲಿ ನಡೆದ ಸರ್ವೆಯ ವೇಳೆ ನಾನು ದುಭಾಷಿಯಾಗಿದ್ದೆ. ಹರಿಗೋಲಕೊಪ್ಪದಲ್ಲಿ ಜನವಸತಿ ಇದೆಯೆಂದು ನಾನು ತಿಳಿಸಿದ್ದರೂ ಸರ್ವೆ ಅಧಿಕಾರಿಗಳು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಸಹಿ: ಚಂದ್ರಶೇಖರಪ್ಪ, ನಿವೃತ್ತ ಭೂಗೋಳ ಪ್ರಾಧ್ಯಾಪಕ


ಮೈಸೂರು
9 ಅಕ್ಟೋಬರ್ 2024

ದಾಕ್ಷಾಯಿಣಿ,

ಮೊನ್ನೆ ಕಳಿಸಿದ ಕಾಗದವನ್ನು ಹರಿದುಹಾಕು. ಅದರಲ್ಲಿರುವುದು ಸುಳ್ಳು. ನೀನು ತಟ್ಟೆಯಲ್ಲಿಟ್ಟು ಕೊಟ್ಟ ಸುಳ್ಳು ಎಷ್ಟು ರುಚಿಯಾಗಿತ್ತೆಂದರೆ, ಅಂಚೆ ಡಬ್ಬಿಗೆ ಹಾಕಿ ಬರುವಾಗ ಮಂಡಿ ಕೂಡ ನೋಯಲಿಲ್ಲ. ಆರು ದಿನದಿಂದ ಅದು ಜೀರ್ಣವಾಗುತ್ತಿಲ್ಲ.

ನಡೆದದ್ದು ಹೀಗೆ.

ಧಾರವಾಡದಲ್ಲಿ ಎರಡನೇ ವರ್ಷದ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಸರ್ವೆ ಸಾಹೇಬರಿಗೆ ಕನ್ನಡ ಬಾರದು, ನನಗೆ ಬರುವ ಇಂಗ್ಲಿಷನ್ನು ಆಡಿ ತೋರಿಸಲು ಊರಿನಲ್ಲಿ ಜನವಿಲ್ಲ. ಜೋಡಿ ಕೂಡಿತು. ಮೂರು ವಾರ ಅವರ ಛತ್ರಿಯ ನೆರಳಿನಲ್ಲಿ ಮೆರೆದೆ. ಗುಡ್ಡದ ಹೆಸರು, ಹಳ್ಳದ ಹೆಸರು, ಯಾವ ಬಾವಿ ಬತ್ತುತ್ತದೆ, ಯಾವುದು ಬತ್ತುವುದಿಲ್ಲ, ಎಲ್ಲ ನಾನು ಹೇಳಿದ್ದೇ ವೇದ. ಅವರು ಬರೆದುಕೊಳ್ಳುತ್ತಿದ್ದರು.

ಕೊನೆಯ ದಿನ ಹೊಳೆಯಾಚೆಯದು ಬಾಕಿ. ಈಚೆ ದಂಡೆಯ ಮೇಲೆ ಮೇಜು ಹಾಕಿದೆವು. ಆಚೆ ಹರಿಗೋಲು ಬೋರಲು ಬಿದ್ದಿತ್ತು, ದಾಟಿಸುವವರಿಲ್ಲ. ಸಾಹೇಬರು ದುರ್ಬೀನು ಹಿಡಿದು ನೋಡಿದರು. ಮನೆಗಳಿಗೆ ಹುಲ್ಲಿನ ಮಾಡು ಇಲ್ಲ. ಬರೀ ಮಣ್ಣಿನ ಗೋಡೆ, ಗಳ. ಒಬ್ಬರೂ ಇಲ್ಲ. ಹಾಳು ಬಿದ್ದ ಊರೇ ಎಂದು ಕೇಳಿದರು.

ನನಗೆ ಕಾರಣ ಗೊತ್ತಿತ್ತು. ಮಳೆಗೆ ಮೊದಲು ಹರಿಗೋಲಕೊಪ್ಪದವರು ಹಳೆಯ ಹುಲ್ಲು ಪೂರ್ತಿ ಕಿತ್ತು, ಗಳಗಳನ್ನು ಬಿಸಿಲಿಗೆ ಬಿಟ್ಟು, ಒಬ್ಬರ ಮನೆಗೊಬ್ಬರು ಮುಯ್ಯಾಳು ಮಾಡಿಕೊಂಡು ಎಲ್ಲ ಮನೆಗೂ ಒಟ್ಟಿಗೇ ಹೊಸದು ಹೊದಿಸುತ್ತಿದ್ದರು. ಕಿತ್ತ ಮರುದಿನವೇ ಈಚೆ ದಂಡೆಯ ಪಕ್ಕದೂರಿನ ಕೆರೆಬೇಟೆ ಬಿದ್ದಿತ್ತು. ಕೆರೆ ಬತ್ತಿ ಮಂಡಿಯುದ್ದ ಕೆಸರಾದಾಗ ಸುತ್ತಿನ ಹತ್ತೂರು ಜನ ಬುಟ್ಟಿಯಂಥ ಬಿದಿರಿನ ಕೂಣಿ ಹಿಡಿದು ಮೀನಿಗೆ ಇಳಿಯುವ ದಿನ ಅದು. ಮಾಡಿಲ್ಲದ ಮನೆಯಲ್ಲಿ ಕೂತು ಮಾಡುವುದೇನು? ಮಕ್ಕಳು ಮುದುಕರು ಸಮೇತ ಎಲ್ಲ ನಸುಕಿನಲ್ಲೇ ಗಾಡಿ ಕಟ್ಟಿಕೊಂಡು ಸೇತುವೆ ಸುತ್ತಿ ಹೋಗಿದ್ದರು. ಅವತ್ತು ಒಂದು ನರಪಿಳ್ಳೆಯೂ ಇರಲಿಲ್ಲ.

ಇಷ್ಟನ್ನು ಹೇಳಲು ಎರಡು ವಾಕ್ಯ ಸಾಕಿತ್ತು. ಆದರೆ 'ಜನ ಇದ್ದಾರೆ' ಎಂದರೆ ಸಾಹೇಬರು ಮನೆ ಎಣಿಸಲು ಹೋಗಲೇಬೇಕೆನ್ನುತ್ತಿದ್ದರು. ಹಳೆಯ ಸೇತುವೆ ಸುತ್ತಿ ಹೋದರೆ ಏಳು ಮೈಲಿ, ಸುಡು ಬಿಸಿಲು. ನನಗೂ ಕೆರೆಬೇಟೆ ನೋಡಬೇಕಿತ್ತು. ನಮ್ಮದು ಮೀನು ಮುಟ್ಟದ ಮನೆ, ನಮ್ಮಪ್ಪ ಅತ್ತ ತಲೆ ಹಾಕಲು ಬಿಡುತ್ತಿರಲಿಲ್ಲ. ಸರ್ವೆಯ ಹೆಸರು ಹೇಳಿ ತಪ್ಪಿಸಿಕೊಳ್ಳಲು ಅದೊಂದೇ ದಿನ. ಹೌದು ಸರ್, ಹಾಳೂರು ಎಂದೆ. ಸಾಹೇಬರು ಮಧ್ಯಾಹ್ನಕ್ಕೇ ಮೇಜು ಮಡಚಿದರು. ನಾನು ಓಡಿದೆ. ಕೆರೆಯ ಏರಿಯ ಮೇಲೆ ನಿಂತು ನೋಡಿದೆ. ಕೆಸರಿನಲ್ಲಿ ಮುಳುಗಿದ್ದ ಬೈರ ಎರಡು ಕೈಯಲ್ಲಿ ಒಂದು ಮೀನೆತ್ತಿ ನನಗೆ ತೋರಿಸಿದ.

ಇಲ್ಲಿಗೆ ನಿಂತಿದ್ದರೆ ಹುಡುಗಾಟ ಎನ್ನಬಹುದಿತ್ತು. 1981ರಲ್ಲಿ ಆ ಹಾಳೆ ನಮ್ಮ ಕಾಲೇಜಿಗೆ ಬಂತು. ಟೊಳ್ಳು ಚೌಕ ನೋಡಿದೆ. 83ರಲ್ಲಿ ಜೀಪುಗಳು ಬಂದು ಮನೆ ಕೆಡವಿದ ಮೇಲೆ ಬೈರನ ಅಪ್ಪ ಕೆರಿಯಪ್ಪ ನನ್ನ ಹತ್ತಿರ ಬಂದ, ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡು ಎಂದು. ಬರೆದುಕೊಟ್ಟೆ, ತುಂಬ ಒಳ್ಳೆಯ ಇಂಗ್ಲಿಷು. ನಕ್ಷೆಯ ಮಾತು ಬರೆಯಲಿಲ್ಲ. ಬರೆದಿದ್ದರೆ ಹೊಸ ನೌಕರಿಯ ಮೇಷ್ಟ್ರು ಸುಳ್ಳ ಎಂದು ಗೊತ್ತಾಗುತ್ತಿತ್ತು. ಅವನು ಅಂಗಳದಲ್ಲೇ ನಿಂತು ಕೈಮುಗಿದು ಹೋದ.

ಆಮೇಲೆ ಇಪ್ಪತ್ತೇಳು ವರ್ಷ ಆ ಚೌಕದ ಮೇಲೆ ಪೆನ್ಸಿಲು ಇಟ್ಟು ಕೇಳಿದೆ. ಬೇರೆ ಚೌಕ ಇರಲಿಲ್ಲವೆಂದಲ್ಲ. ಕೈ ಅಲ್ಲಿಗೇ ಹೋಗುತ್ತಿತ್ತು. ಯಾರಾದರೂ ಒಬ್ಬರು 'ತಪ್ಪು ಸರ್, ಅಲ್ಲಿ ಜನ ಇದ್ದರು' ಎನ್ನಲಿ ಎಂದು ಕಾಯುತ್ತಿದ್ದೆನೋ ಏನೋ. ಎಲ್ಲರೂ ಸರಿಯುತ್ತರ ಹೇಳಿದರು. ನೀನೂ.

ಈ ಕಾಗದವನ್ನು ಏನು ಬೇಕಾದರೂ ಮಾಡು.

ಚಂದ್ರಶೇಖರಪ್ಪ


ಮುತ್ತಲಕೇರಿ
25 ನವೆಂಬರ್ 2024

ಶ್ರೀ ಚಂದ್ರಶೇಖರಪ್ಪನವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕುಳಿತರೆ ಬಂದದ್ದೆಲ್ಲ ಬೈಗುಳ, ಗುರುಗಳಿಗೆ ಹಾಗೆ ಬರೆಯುವುದನ್ನು ನೀವು ಕಲಿಸಿಲ್ಲ.

ನಿಮ್ಮ ಮೂರನೇ ತಾರೀಖಿನ ಹೇಳಿಕೆ ಕೈಸೇರಿದ ದಿನವೇ ಅದನ್ನು ಸಮಿತಿಗೆ ಕೊಟ್ಟುಬಿಟ್ಟಿದ್ದೆ, ಅಷ್ಟು ಖುಷಿಯಾಗಿತ್ತು. ಅದು ಫೈಲಿಗೆ ಸೇರಿ ಮೂರು ದಿನಕ್ಕೆ ಎರಡನೆಯದು ಬಂತು. ಅದನ್ನೂ ಕೊಟ್ಟೆ. ಈಗ ಎರಡೂ ಫೈಲಿನಲ್ಲಿವೆ, ಎರಡಕ್ಕೂ ಒಂದೇ ಸಹಿ. ಅಧ್ಯಕ್ಷರು ಓದಿ, "ಈ ಮನುಷ್ಯ ಖುದ್ದು ಬಂದು ಹೇಳದಿದ್ದರೆ ಎರಡನ್ನೂ ನಾನು ನೋಡುವುದಿಲ್ಲ" ಎಂದರು. ಡಿಸೆಂಬರ್ 12, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಇದು ಕಡೆಯ ವಿಚಾರಣೆ.

ಎರಡನೆಯ ಕಾಗದವನ್ನು ಶೆಡ್ಡಿನ ಮುಂದೆ ಎಲ್ಲರಿಗೂ ಓದಿ ಹೇಳಿದೆ. ಬಚ್ಚಿಡುವ ಹಕ್ಕು ನನಗಿರಲಿಲ್ಲ. ಬೈರ ಬೀಡಿಯೊಂದನ್ನು ಹೊಸೆದು ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ, "ಆ ಮೀನು ನೆನಪೈತಿ. ಅಂವಗ ತೋರಿಸಿದ್ದೂ ನೆನಪೈತಿ" ಎಂದ. ಅವನ ಮಗ ಉಲ್ಲಾಸ, "ಮುದುಕ ಇಲ್ಲಿಗೆ ಬರಲಿ, ತೋರಿಸ್ತೀನಿ" ಎಂದು ಹಾರಾಡಿದ. ಬೈರ ಅವನನ್ನು ಗದರಿದ: "ಸುಮ್ಕಿರೋ. ಅಂವಾ ಬರಬೇಕು. ಬಂದು ಮಾತಾಡಬೇಕು. ಅಲ್ಲೀತನಾ ಅಂವಗ ಯಾರೂ ಏನೂ ಅನ್ನಂಗಿಲ್ಲ."

ಅಂದ ಹಾಗೆ, ಕ್ಷಮಿಸಿದೆ ಎಂದು ಅವನು ಹೇಳಿಲ್ಲ. ಹೇಳಿದ್ದಾನೆಂದು ನೀವು ತಿಳಿದುಕೊಳ್ಳಬಾರದು, ಅದಕ್ಕೆ ಬರೆದೆ.

ಡಾಕ್ಟರು ಬೇಡವೆಂದರೂ ಬನ್ನಿ.

ದಾಕ್ಷಾಯಿಣಿ


ಶಿಕಾರಿಪುರ ಬಸ್ ನಿಲ್ದಾಣ
12 ಡಿಸೆಂಬರ್ 2024, ಸಂಜೆ ಐದು

ದಾಕ್ಷಾಯಿಣಿ,

ಈ ಕಾಗದ ಅಂಚೆಗೆ ಹೋಗುವುದಿಲ್ಲ. ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಆದರೂ ಬರೆಯುತ್ತಿದ್ದೇನೆ, ಈ ತಲೆಯನ್ನು ಇನ್ನೊಂದು ರಾತ್ರಿಗೂ ನಂಬಲಾರೆ.

ಬೆಳಿಗ್ಗೆಯದು ನೀನು ನೋಡಿದ್ದೇ. ನಾನು ಒಳಬಂದು ಕುರ್ಚಿಯಲ್ಲಿ ಕೂರುತ್ತ 'ಸಾಕ್ಷಿಗೆ ಮಂಡಿ ಊರುವುದೊಂದು ಬಿಟ್ಟು ಬೇರೆಲ್ಲ ಸಾಧ್ಯ' ಎಂದೆ. ಒಬ್ಬರೂ ನಗಲಿಲ್ಲ. ನಲವತ್ತು ವರ್ಷದ ಚಟ, ಹೆದರಿದಾಗಲೇ ಹೆಚ್ಚು. ಆಮೇಲೆ ಎಲ್ಲ ಹೇಳಿದೆ, ಕಾಗದದಲ್ಲಿ ಬರೆದ ಹಾಗೆಯೇ. ಬೈರ ಗೋಡೆಗೊರಗಿ ನಿಂತು ನನ್ನನ್ನಲ್ಲ, ನನ್ನ ಚಪ್ಪಲಿಯನ್ನು ನೋಡುತ್ತಿದ್ದ.

ಮನೋಹರ ಕೇಳಿದರಲ್ಲ: "ಸರ್, ನೀವು ಎಪ್ಪತ್ನಾಲ್ಕರಲ್ಲಿ ಸುಳ್ಳು ಹೇಳಿದ್ರಿ, ಅಕ್ಟೋಬರಿನಲ್ಲಿ ಇನ್ನೊಂದು ಬರೆದ್ರಿ. ಇವತ್ತಿನದು ಖರೆ ಅಂತ ಎಂತಕ್ಕೆ ನಂಬುದು?" ಅಧ್ಯಕ್ಷರೇ ದಾರಿ ತೋರಿಸಿದರು. ಆ ಮನೆಗಳಿಗೆ ನೀವು ನಿಜವಾಗಿ ಹೋಗಿಬಂದವರಾದರೆ ಯಾವ ಚೌಕ ಯಾರ ಮನೆ ಹೇಳಿ. ಹೇಳಿದಷ್ಟು ಮನೆಗೆ ನಿಮ್ಮ ಸಾಕ್ಷಿ. ಯಾರೂ ಹೇಳಿಕೊಡಬಾರದು. ಕೊನೆಯ ಮಾತನ್ನು ನಾನು ಎಷ್ಟು ಪರೀಕ್ಷೆಗಳಲ್ಲಿ ಹೇಳಿಲ್ಲ!

ಶುರು ಮಾಡಿದೆ. ಮೊದಲನೆಯದು ಕೆರಿಯಪ್ಪನದು, ಬಾಗಿಲಿಗೆ ಒನಕೆ ಅಡ್ಡ ಇಟ್ಟ ಮನೆ. ಪಕ್ಕದ್ದು ಹುಚ್ಚಪ್ಪನದು, ಅವನಿಗೊಂದು ಕುಂಟ ಹೋರಿ. ತಿಮ್ಮವ್ವ. ಇಬ್ಬರು ಅಣ್ಣತಮ್ಮಂದಿರ ಜೋಡಿ ಮನೆ, ನಡುವೆ ಒಂದೇ ಗೋಡೆ. ದುರ್ಗಪ್ಪ. ಬಲೆ ಹೆಣೆಯುತ್ತಿದ್ದ ಮಲ್ಲ. ಕಡೆಗೆ ಹೂವಿನ ಗಿಡದ ಯಲ್ಲವ್ವ. ಒಂದೊಂದು ಹೆಸರು ಬಂದಾಗಲೂ ಹಿಂದಿನ ಬೆಂಚಿನಲ್ಲಿ ಒಬ್ಬೊಬ್ಬರು ನೇರವಾಗಿ ಕುಳಿತರು. ಎಂಟಾಯಿತು. ಒಂಬತ್ತನೆಯದು ಬರಲಿಲ್ಲ.

ನಾನು ಕಣ್ಣು ಮುಚ್ಚಿಕೊಂಡೆ, ತೆರೆದೆ. ಮುಂದಿನ ಬೆಂಚಿನಲ್ಲಿ ಫೈಲು ಎದೆಗವಚಿಕೊಂಡು ಕುಳಿತಿದ್ದ ಹುಡುಗಿಯೊಬ್ಬಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಅಧ್ಯಕ್ಷರು ಗಡಿಯಾರ ನೋಡಿದರು. "ಎಂಟು ಎಂದು ಬರೆದುಕೊಳ್ಳಿ. ಸೇರಿಸುವುದಿದ್ದರೆ ನಾಳೆ ಹತ್ತು ಗಂಟೆಗೆ ಫೈಲು ಜಿಲ್ಲೆಗೆ ಹೋಗುವುದರೊಳಗೆ." ನಾನು ಸಹಿ ಹಾಕಿದೆ. ಹೊರಗೆ ಬಂದು ಆ ಹುಡುಗಿ ಯಾರೆಂದು ನಿನ್ನನ್ನು ಕೇಳಿದೆ. "ಪ್ರತಿಭಾ. ಒಂಬತ್ತನೇ ಮನೆಯವಳು" ಎಂದೆ ನೀನು. ಅಜ್ಜಿಯ ಹೆಸರು ಕೇಳಿದ್ದಕ್ಕೆ, "ಅದನ್ನು ನಾನು ಹೇಳಿಕೊಟ್ಟರೆ ನಿಮ್ಮದು ಸಾಕ್ಷಿ ಆಗುವುದಿಲ್ಲ ಸರ್" ಎಂದು ನಡೆದುಹೋದೆ. ಸರಿಯೇ ಮಾಡಿದೆ. ಬೈರ ಬಸ್ಸಿನ ತನಕ ನನ್ನ ಚೀಲ ಹೊತ್ತು ತಂದು, ಸೀಟಿನ ಮೇಲಿಟ್ಟು ಇಳಿದು ಹೋದ.

ಇಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯ ಕೆಳಗೆ ಒಬ್ಬ ಕುಳಿತು ಚಪ್ಪಲಿ ಹೊಲಿಯುತ್ತಿದ್ದ. ನೂಲಿಗೆ ಮೇಣ ಎಳೆದು, ತೊಗಲಿಗೆ ನೀರು ಚಿಮುಕಿಸಿದ. ಆ ನಾತಕ್ಕೆ ಎಲ್ಲ ಬಂತು.

ನೀಲವ್ವ. ಹರಿಗೋಲಿಗೆ ತೊಗಲು ಹೊಲಿಯುತ್ತಿದ್ದ ನೀಲವ್ವ. ಉಳಿದ ಎಂಟು ಮನೆ ದಿಬ್ಬದ ಮೇಲೆ ಸಾಲಾಗಿದ್ದವು. ಅವಳದ್ದು ಕೆಳಗೆ, ನೀರಿನ ಅಂಚಿಗೆ, ಬೇರೆ. ಅವಳು ಆ ಎಂಟು ಮನೆಯವರ ಜಾತಿಯವಳಲ್ಲ. ಎಂಟು ಮನೆಯ ಒಳಗೂ ನಾನು ಕದ್ದು ಹೋಗಿದ್ದೇನೆ, ಅವಳ ಅಂಗಳಕ್ಕೆ ಕಾಲಿಟ್ಟಿಲ್ಲ. ಐದು ವರ್ಷ ದಿನಾ ಅವಳು ಹೊಲಿದ ತೊಗಲಿನ ಮೇಲೆ ಕುಳಿತು ಹೊಳೆ ದಾಟಿದೆ.

ಇಷ್ಟೇ ಆಗಿದ್ದರೆ ಮರೆವು ಎನ್ನುತ್ತಿದ್ದೆ.

ಅವತ್ತು ಒಂದು ನರಪಿಳ್ಳೆಯೂ ಇರಲಿಲ್ಲ ಎಂದು ನಿನಗೆ ಬರೆದೆನಲ್ಲ, ಇವತ್ತು ಪ್ರಮಾಣ ಮಾಡಿ ಹೇಳಿದೆನಲ್ಲ, ಅದು ಸುಳ್ಳು. ಸುಳ್ಳೆಂದು ಗೊತ್ತಿಲ್ಲದೆ ಹೇಳಿದ ಸುಳ್ಳು. ಮುಯ್ಯಾಳಿಗೆ ಅವಳ ಮನೆ ಸೇರುತ್ತಿರಲಿಲ್ಲ, ಅದರ ಮಾಡು ಯಾರೂ ಕಿತ್ತಿರಲಿಲ್ಲ. ಕೆರೆಬೇಟೆಗೂ ಅವಳನ್ನು ಕರೆಯುವವರಿರಲಿಲ್ಲ. ದಿಬ್ಬದ ಕೆಳಗೆ ಪೊದೆಗಳ ಮರೆಯಲ್ಲಿದ್ದುದರಿಂದ ಸಾಹೇಬರಿಗೆ ಆ ಮನೆ ಕಾಣಲಿಲ್ಲ. ಹಳೆಯ ನಕ್ಷೆ ನೋಡಿಕೊಂಡು ಒಂಬತ್ತು ಟೊಳ್ಳು ಚೌಕ ಎಳೆದುಬಿಟ್ಟರು. ನಾನು 'ಹಾಳೂರು' ಎಂದ ಮೇಲೆ ಅವರು ತಲೆ ಬಗ್ಗಿಸಿ ಬರೆಯುತ್ತಿದ್ದಾಗ, ಬೋರಲು ಬಿದ್ದ ಹರಿಗೋಲಿನ ಹಿಂದಿನಿಂದ ಅವಳು ಎದ್ದು ನಿಂತಳು. ದಬ್ಬಳ ಕೈಯಲ್ಲೇ ಇತ್ತು. ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ ಕೂಗಿದಳು:

"ಚಂದ್ರಣ್ಣಾ, ದಾಟೂದೈತೇನೋ? ಹೊಲದು ಮುಗೀತು, ತರ್ತೀನಿ ನಿಂದರು!"

ಆ ಕೂಗಿಗೂ ತಲೆಯೆತ್ತದೆ ಬರೆಯುತ್ತಿದ್ದ ಸಾಹೇಬರ ಬೆನ್ನ ಹಿಂದಿನಿಂದ ನಾನು ಕೈಬೀಸಿ ಬೇಡ, ಹೋಗು ಎಂದೆ. ಅವಳು ಮತ್ತೆ ಕುಳಿತಳು.

ಇಳಿದುಬಿಟ್ಟಿದ್ದೇನೆ. ಮೈಸೂರಿನ ಬಸ್ಸು ಹೋಯಿತು. ಸೊರಬದ ಮೇಲೆ ಶಿರಸಿಗೆ ಆರು ಗಂಟೆಗೆ ಒಂದಿದೆಯಂತೆ. ನಾಳೆ ಹತ್ತಕ್ಕೆ ಮೊದಲು ಆ ಕಚೇರಿಯ ಬಾಗಿಲಲ್ಲಿರುತ್ತೇನೆ. ಮೂರನೇ ಸಲ ಹೇಳಿಕೆ ಬದಲಿಸುವ ಮನುಷ್ಯನನ್ನು ಅವರು ನಂಬಬಹುದು, ನಂಬದಿರಬಹುದು, ಎಂಟು ಮನೆಯ ಸಾಕ್ಷಿಯನ್ನೂ ಹೊಡೆದುಹಾಕಬಹುದು. ಅದಕ್ಕೇ ಮೊದಲು ಬೈರನನ್ನು ಕೇಳಬೇಕು. ಅವನು ಬೇಡ ಎಂದರೆ ಏನು ಮಾಡುವುದೋ ನನಗೆ ತಿಳಿಯದು.

ಪ್ರತಿಭಾಳಿಗೆ ನೀನು ಏನೂ ಹೇಳಬೇಡ. ಅವಳ ಅಜ್ಜಿ ಹರಿಗೋಲು ತರುತ್ತೇನೆ ಎಂದದ್ದನ್ನು, ನಾನು ಕೈಬೀಸಿದ್ದನ್ನು, ಅವಳ ಎದುರು ಕುಳಿತು ನಾನೇ ಹೇಳಬೇಕು.

ಚಂದ್ರಶೇಖರಪ್ಪ